ಬಿಳಿಯ ಕಣದೊಳಗಿನ ನೀಲಿ

ಗಾಯ ಬಲಿತು ಒಡೆದಾಗ ಸ್ರವಿಸುವ ಕೀವಿನಲ್ಲಿ ಹಸಿರಿನ ಒಂದು ಛಾಯೆ ಇರುವುದನ್ನೂ, ನೆಗಡಿ ಹಳತಾಗಿ ಕಫ ಗಟ್ಟಿಗೊಂಡಾಗ ಅದೂ ಅದೇ ಬಣ್ಣಕ್ಕೆ ತಿರುಗುವುದನ್ನೂ ಕಾಣದ ಮನೆಯಿಲ್ಲ. ಕೆಲವು ಜಾತಿಯ ಬ್ಯಾಕ್ಟೀರಿಯಗಳು ತಾವೇ ಹಸಿರು ವರ್ಣವನ್ನು ಉತ್ಪಾದಿಸಬಲ್ಲವಾದರೂ, ಸಾಮಾನ್ಯವಾಗಿ ಈ ಹಸಿರು ರೋಗಾಣುವಿನದಲ್ಲ, ಅದರೊಡನೆ ಸೆಣಸಿ ಮಡಿದ ನಮ್ಮದೇ ಬಿಳಿಯ ರಕ್ತಕಣಗಳದು. ಸ್ವೀಡನ್ನಿನ ಚೆಲ್ ಆಗ್ನರ್ ಎಂಬ ವಿಜ್ಞಾನಿ 1941ರಲ್ಲಿ, ಕ್ಷಯರೋಗಿಗಳ ಎದೆಗೂಡಿನಲ್ಲಿ ಸಂಗ್ರಹವಾಗಿದ್ದ ಕೀವನ್ನು ಮೂಲದ್ರವ್ಯವಾಗಿ ಇಟ್ಟುಕೊಂಡು, ಅದರೊಳಗಿನ ಕಣಗಳಿಂದ ಕಬ್ಬಿಣವನ್ನು ಗರ್ಭೀಕರಿಸಿಕೊಂಡ ಹಸಿರು ಬಣ್ಣದ ಒಂದು ಕಿಣ್ವವನ್ನು ಬೇರ್ಪಡಿಸಿ ಅದಕ್ಕೆ ವರ್ಡೋಪೆರಾಕ್ಸಿಡೇಸ್ ಎಂದು ನಾಮಕರಣ ಮಾಡಿದನು. ಇಂದು ಅದನ್ನು ಮೈಲೋಪೆರಾಕ್ಸಿಡೇಸ್ ಎನ್ನುತ್ತೇವೆ.

ಕಿಣ್ವವೊಂದು ಹೀಗೆ ತನ್ನ ಬಣ್ಣದಿಂದಲೇ ಬರಿಗಣ್ಣಿಗೆ ಗೋಚರವಾಗುವುದು ಅಪರೂಪದ ಭಾಗ್ಯ. ಬಹುತೇಕ ಕಿಣ್ವಗಳು ಕಾಣುವ ವಸ್ತುಗಳಲ್ಲ. ಅವುಗಳ ಕಾರ್ಯದಿಂದಲೇ ಅವುಗಳ ಅಸ್ತಿತ್ವವನ್ನು ಊಹಿಸಬೇಕು. ನ್ಯೂಟ್ರೋಫಿಲ್ ಎಂಬ ಬಿಳಿಯ ಕಣದಲ್ಲಿ, ಆಗ್ನರನ ಹಸಿರು ಕಿಣ್ವಕ್ಕಿಂತ ಒಂದು ಹೆಜ್ಜೆ ಮುಂಚಿತವಾಗಿ ಕೆಲಸಮಾಡುವ, ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿಕೊಡುವ ಇನ್ನೊಂದು ಕಿಣ್ವವಿದೆ. ಅದರ ಹೆಸರು ಎನ್‌ಎಡಿಪಿಎಚ್ ಆಕ್ಸಿಡೇಸ್. ಅದು ಆಮ್ಲಜನಕದ ಅಣುವಿಗೆ ಒಂದು ಎಲೆಕ್ಟ್ರಾನನ್ನು ದಾನಮಾಡಿ ಸೂಪರಾಕ್ಸೈಡ್ ಎಂಬ ಚಂಚಲ ಪದಾರ್ಥವನ್ನು ಸೃಷ್ಟಿಸುತ್ತದೆ. ಸೂಪರಾಕ್ಸೈಡು ಕ್ಷಣಾರ್ಧದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡುತ್ತದೆ. ಆ ಪೆರಾಕ್ಸೈಡನ್ನೂ ದೇಹದ್ರವದಲ್ಲಿ ಧಾರಾಳವಾಗಿರುವ ಕ್ಲೋರೈಡನ್ನೂ ಬಳಸಿಕೊಂಡು ಹಸಿರು ಕಿಣ್ವವು ಹೈಪೋಕ್ಲೋರಸ್ ಆಮ್ಲವನ್ನು ತಯಾರಿಸುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರು ಹಾಕಿದಾಗ ನೀರಿನಲ್ಲಿ ಹುಟ್ಟಿ ಕ್ರಿಮಿಗಳನ್ನು ಕೊಲ್ಲುವ ವಸ್ತುವೂ ಈ ಆಮ್ಲವೇ. ಅಸ್ಥಿಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳು ಹುಟ್ಟಿ, ಪ್ರತಿಯೊಂದೂ ಈ ಉಗ್ರ ಉತ್ಕರ್ಷಕಗಳನ್ನು ತಯಾರಿಸುವ ಸಾಮರ್ಥ್ಯವನ್ನು ಹೊತ್ತು ರಕ್ತಕ್ಕೆ ಇಳಿಯುತ್ತದೆ ಎಂಬುದನ್ನು ನೆನೆದಾಗ, ನಮ್ಮ ನಾಳಗಳಲ್ಲಿ ಹರಿಯುತ್ತಿರುವುದರ ವಿಷಯದಲ್ಲಿ ಒಂದು ಬಗೆಯ ಗೌರವ ಮೂಡದಿರುವುದಿಲ್ಲ. ಈ ಸಾಮರ್ಥ್ಯ ಒಬ್ಬ ಮನುಷ್ಯನಲ್ಲಿ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ, ಎಂಬುದನ್ನು ಕಂಡುಹಿಡಿಯಲು ಮನುಷ್ಯರು ಪಟ್ಟ ಪಾಡೇ ಈ ಲೇಖನದ ವಸ್ತು.

ಬಿಳಿಯ ಕಣಗಳು ಪರಜೀವಿಗಳನ್ನು ನುಂಗುತ್ತವೆಂಬ ಸಂಗತಿಯನ್ನು ಮೆಚ್ನಿಕಾಫ್ ಎಂಬ ಜೀವವಿಜ್ಞಾನಿ 1882ರಲ್ಲಿ ಇಟಲಿಯ ಮೆಸ್ಸಿನಾ ಪಟ್ಟಣದ ಕಡಲತೀರದಲ್ಲಿ, ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ಪರೀಕ್ಷಿಸುತ್ತಿದ್ದಾಗ ಮನಗಂಡಿದ್ದನು. ನುಂಗಿದ ಮೇಲೆ ಏನಾಗುತ್ತದೆಂಬುದು ಅರ್ಧ ಶತಮಾನದವರೆಗೂ ಅಸ್ಪಷ್ಟವಾಗಿಯೇ ಉಳಿದಿದ್ದಿತು. 1933ರಲ್ಲಿ ಬಾಲ್ಡ್ರಿಜ್ ಮತ್ತು ಗೆರಾರ್ಡ್ ಎಂಬ ಇಬ್ಬರು ಅಮೆರಿಕದ ಶೋಧಕರು ನಾಯಿಯ ಬಿಳಿಯ ಕಣಗಳಿಗೆ ಬ್ಯಾಕ್ಟೀರಿಯಗಳನ್ನು ಉಣಿಸಿ, ಆ ಕಣಗಳು ಬಳಸುವ ಆಮ್ಲಜನಕದ ಪ್ರಮಾಣ ಒಮ್ಮೆಲೇ ಏರುವುದನ್ನು ಅಳೆದು ತೋರಿಸಿದರು. ಅವರ ಅಳತೆ ನಿರ್ದುಷ್ಟವಾಗಿದ್ದಿತು. ಅದಕ್ಕೆ ಹೇಳಿದ ಕಾರಣ ಮಾತ್ರ ನಿಲ್ಲಲಿಲ್ಲ. ಓಡುವವನ ಉಸಿರು ಏರುವಂತೆ, ನುಂಗುವ ಶ್ರಮಕ್ಕೆ ಬೇಕಾದ ಶಕ್ತಿಗಾಗಿ ಕಣವು ಹೆಚ್ಚು ಉಸಿರಾಡುತ್ತದೆ ಎಂದು ಎಲ್ಲರೂ ಒಪ್ಪಿಕೊಂಡರು. ಆ ವಿವರಣೆ ಸಹಜವಾಗಿದ್ದುದರಿಂದಲೇ ಅದನ್ನು ಪ್ರಶ್ನಿಸಲು ಇಪ್ಪತ್ತಾರು ವರ್ಷಗಳು ಹಿಡಿದವು.

1959ರಲ್ಲಿ ಸ್ಬಾರಾ ಮತ್ತು ಕಾರ್ನೋವ್‌ಸ್ಕಿ ಎಂಬುವರು, ಜೀವಕೋಶದ ಉಸಿರಾಟವನ್ನೇ ಕಟ್ಟಿಹಾಕುವ ವಿಷಗಳನ್ನು ಹಾಕಿದರೂ ಬಿಳಿಯ ಕಣಗಳು ನುಂಗುವುದನ್ನು ನಿಲ್ಲಿಸುವುದಿಲ್ಲವೆಂದೂ, ನುಂಗಲು ಬೇಕಾದ ಶಕ್ತಿ ಆಮ್ಲಜನಕದ ಹಂಗಿಲ್ಲದೆ ಸಕ್ಕರೆಯ ವಿಘಟನೆಯಿಂದಲೇ ದೊರೆಯುತ್ತದೆಂದೂ ತೋರಿಸಿಕೊಟ್ಟರು. ಹಾಗಾದರೆ ಹೆಚ್ಚಾಗಿ ಸೇವಿಸಿದ ಆ ಆಮ್ಲಜನಕ ಏನಾಯಿತು? ಎರಡು ವರ್ಷಗಳ ತರುವಾಯ ಅಯ್ಯರ್, ಇಸ್ಲಾಮ್ ಮತ್ತು ಕ್ವಾಸ್ಟೆಲ್ ಎಂಬ ಮೂವರು, ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಪರಿಣಮಿಸುತ್ತದೆಂದು ವರದಿಮಾಡಿದರು. ಗಾಯ ತೊಳೆಯಲು ಔಷಧಾಲಯದಲ್ಲಿ ಬಾಟಲಿಯಲ್ಲಿ ಸಿಗುವ ಆ ದ್ರವವನ್ನೇ ಕಣವು ತನ್ನೊಳಗೆ ತಯಾರಿಸುತ್ತದೆಂದ ಮೇಲೆ, ಈ ಅಧಿಕ ಉಸಿರಾಟದ ಉದ್ದೇಶ ನುಂಗುವುದಲ್ಲ, ನುಂಗಿದುದನ್ನು ಕೊಲ್ಲುವುದು ಎಂಬ ಊಹೆಗೆ ಬಲ ಬಂದಿತು. ಆದರೆ ಊಹೆ ಸಿದ್ಧಾಂತವಾಗಬೇಕಾದರೆ, ನುಂಗಬಲ್ಲ, ಆದರೆ ಪೆರಾಕ್ಸೈಡ್ ತಯಾರಿಸಲಾರದ ಕಣವೊಂದು ಎಲ್ಲಿಯಾದರೂ ದೊರೆಯಬೇಕಾಗಿದ್ದಿತು.

ಅಂಥ ಕಣಗಳನ್ನು ಹೊತ್ತ ಮಕ್ಕಳು ಆ ವೇಳೆಗಾಗಲೇ ಅಮೆರಿಕದ ಮಿನೆಸೋಟದ ಆಸ್ಪತ್ರೆಯಲ್ಲಿ ಮಲಗಿದ್ದರು. 1957ರಲ್ಲಿ ಬೆರೆಂಡಿಸ್, ಬ್ರಿಡ್ಜಸ್ ಮತ್ತು ರಾಬರ್ಟ್ ಗುಡ್ ಎಂಬ ವೈದ್ಯರು ಗಂಡುಮಕ್ಕಳಲ್ಲಿ ಕಂಡುಬರುತ್ತಿದ್ದ ಒಂದು ಹೊಸ ವ್ಯಾಧಿಯನ್ನು ವರ್ಣಿಸಿದ್ದರು. ಹುಟ್ಟಿದ ಕೆಲವು ತಿಂಗಳಿಂದಲೇ ಕತ್ತಿನ, ಕಂಕುಳಿನ, ತೊಡೆಸಂದಿಯ ಗ್ರಂಥಿಗಳು ಊದಿ ಕೀವುಗಟ್ಟುವುದು, ಯಕೃತ್ತಿನಲ್ಲಿ ಕುರು ಏಳುವುದು, ಶ್ವಾಸಕೋಶದಲ್ಲಿ ಬೂಷ್ಟಿನ ಸೋಂಕು ನೆಲೆಗೊಳ್ಳುವುದು, ಒಂದು ವಾಸಿಯಾಯಿತೆನ್ನುವಷ್ಟರಲ್ಲಿ ಇನ್ನೊಂದು ತಲೆದೋರುವುದು. ಅವರ ರಕ್ತದಲ್ಲಿ ಬಿಳಿಯ ಕಣಗಳಿಗೆ ಕೊರತೆಯಿರಲಿಲ್ಲ; ರೋಗನಿರೋಧಕ ಪ್ರತಿಕಾಯಗಳು ಸಾಮಾನ್ಯರಿಗಿಂತ ಹೆಚ್ಚಾಗಿಯೇ ಇದ್ದವು. ಸೈನ್ಯವೂ ಶಸ್ತ್ರವೂ ಇದ್ದು ಸೋಲು ನಿಶ್ಚಿತವಾಗಿದ್ದ ಆ ಸ್ಥಿತಿಗೆ ವೈದ್ಯರು ಬಾಲ್ಯದ ಮಾರಕ ಗ್ರಾನ್ಯುಲೋಮಾ ರೋಗವೆಂದು ಹೆಸರಿಟ್ಟರು. ಆ ಹೆಸರಿನಲ್ಲಿ ಮಾರಕ ಎಂಬ ವಿಶೇಷಣ ಇದ್ದುದು ಅತಿಶಯೋಕ್ತಿಯಾಗಿರಲಿಲ್ಲ.

1966ರಿಂದ ಎರಡು ವರ್ಷಗಳ ಅವಧಿಯಲ್ಲಿ ಈ ಗೂಢ ಬಿಡಿಸಿಕೊಂಡಿತು. ಬ್ಯೂಲಾ ಹೋಮ್ಸ್, ಪಾಲ್ ಕ್ವೀ ಮೊದಲಾದವರು ಗುಡ್‌ರೊಡನೆ ಕೂಡಿ ಆ ಬಾಲಕರ ಬಿಳಿಯ ಕಣಗಳನ್ನು ಗಾಜಿನ ನಳಿಕೆಯಲ್ಲಿ ಬ್ಯಾಕ್ಟೀರಿಯಗಳೊಡನೆ ಇರಿಸಿದಾಗ, ಕಣಗಳು ಅವನ್ನು ಎಲ್ಲರ ಕಣಗಳಂತೆಯೇ ನುಂಗಿದುವು; ಆದರೆ ನುಂಗಿದ ಸ್ಟ್ಯಾಫಿಲೊಕಾಕಸ್‌ಗಳು ಒಳಗೆ ಜೀವಂತವಾಗಿಯೇ ಉಳಿದುವು. ಆ ಕಣಗಳಲ್ಲಿ ಉಸಿರಾಟದ ಏರಿಕೆಯೂ ಇರಲಿಲ್ಲ, ಪೆರಾಕ್ಸೈಡೂ ಇರಲಿಲ್ಲ. 1933ರ ವಿವರಣೆ ಸರಿಯಾಗಿದ್ದಿದ್ದರೆ ಈ ಕಣಗಳಿಗೆ ನುಂಗುವುದೇ ಅಸಾಧ್ಯವಾಗಬೇಕಾಗಿತ್ತು. ಇನ್ನೂ ಸೋಜಿಗವೆಂದರೆ, ತಾವೇ ಪೆರಾಕ್ಸೈಡನ್ನು ಸ್ರವಿಸುವ, ಅದನ್ನು ಒಡೆಯುವ ಕೆಟಲೇಸ್ ಎಂಬ ಕಿಣ್ವವಿಲ್ಲದ ನ್ಯುಮೊಕಾಕಸ್‌ನಂಥ ರೋಗಾಣುಗಳಿಂದ ಈ ಮಕ್ಕಳು ಅಷ್ಟಾಗಿ ನರಳುತ್ತಿರಲಿಲ್ಲ. ಕೆಟಲೇಸ್ ಉಳ್ಳ ಸ್ಟ್ಯಾಫಿಲೊಕಾಕಸ್, ಸೆರೇಷಿಯ, ಆಸ್ಪರ್ಜಿಲಸ್ ಬೂಷ್ಟುಗಳೇ ಇವರನ್ನು ಕಾಡುತ್ತಿದ್ದುವು. ಕೆಟಲೇಸ್ ಇಲ್ಲದ ಶತ್ರುವು ತನ್ನ ಪೆರಾಕ್ಸೈಡನ್ನು ತಾನೇ ಹೊತ್ತು ತಂದು ಕಣದ ಕೊರತೆಯನ್ನು ತುಂಬಿಕೊಡುತ್ತದೆ ಎಂಬುದು ಆ ಕಾಲದ ವಿವರಣೆ; ಈಚಿನವರು ಅದಕ್ಕೆ ಕೆಲವು ಆಕ್ಷೇಪಗಳನ್ನು ಎತ್ತಿದ್ದಾರಾದರೂ ರೋಗಿಗಳ ಹಾಸಿಗೆಯ ಬಳಿ ಕಂಡ ಆ ಭೇದ ಇಂದಿಗೂ ವೈದ್ಯನಿಗೆ ದಾರಿ ತೋರಿಸುತ್ತಿದೆ.

ಇಷ್ಟಾದರೂ ಈ ಪರೀಕ್ಷೆಗಳೆಲ್ಲ ದೊಡ್ಡ ಪ್ರಯೋಗಶಾಲೆಗಳ ಸೊತ್ತಾಗಿದ್ದುವು. ಅವನ್ನು ಸಾಮಾನ್ಯ ಆಸ್ಪತ್ರೆಯ ಮೇಜಿನ ಮೇಲೆ ತಂದಿಟ್ಟ ಕೀರ್ತಿ ಬಾಸ್ಟನ್ ನಗರದ ಬೇನರ್ ಮತ್ತು ನೇಥನ್ ಎಂಬ ಇಬ್ಬರು ಶಿಶುವೈದ್ಯರಿಗೆ ಸಲ್ಲಬೇಕು. 1967ರಲ್ಲಿಯೂ ಮರುವರ್ಷವೂ ಅವರು ಪ್ರಕಟಿಸಿದ ವಿಧಾನದ ಜೀವಾಳ ನೈಟ್ರೋಬ್ಲೂ ಟೆಟ್ರಜೋಲಿಯಂ ಎಂಬ ತಿಳಿಹಳದಿಯ ಬಣ್ಣ. ಬಿತ್ತನೆಯ ಬೀಜ ಸಜೀವವಾಗಿದೆಯೇ ಎಂದು ಬೀಜಪರೀಕ್ಷಾಲಯಗಳಲ್ಲಿ ನೋಡುವ ಟೆಟ್ರಜೋಲಿಯಂ ಪರೀಕ್ಷೆಯ ಬಣ್ಣ ಇದರ ದಾಯಾದಿಯೇ. ನೀರಿನಲ್ಲಿ ಕರಗಿರುವ ಈ ಹಳದಿ ಪದಾರ್ಥವು ಎಲೆಕ್ಟ್ರಾನುಗಳನ್ನು ಪಡೆದೊಡನೆ ನೀರಿನಲ್ಲಿ ಕರಗದ, ಕಪ್ಪುಮಿಶ್ರಿತ ಗಾಢನೀಲಿಯ ಫಾರ್ಮಜಾನ್ ಆಗಿ, ಹುಟ್ಟಿದ ಎಡೆಯಲ್ಲಿಯೇ ನೆಲೆನಿಲ್ಲುತ್ತದೆ. ಹುಟ್ಟಿದ ಎಡೆಯಲ್ಲಿಯೇ ನಿಲ್ಲುವ ಆ ಗುಣದಿಂದಾಗಿ, ಯಾವ ಕಣ ಉತ್ಕರ್ಷಕವನ್ನು ತಯಾರಿಸಿತು, ಯಾವುದು ಸುಮ್ಮನಿದ್ದಿತು ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡುವುದು ಸಾಧ್ಯವಾಯಿತು.

ಪರೀಕ್ಷೆಯ ಕ್ರಮ ಇಷ್ಟೇ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನಿರಿಸಿ, ಒಣಗದಂತೆ ತೇವದ ಪೆಟ್ಟಿಗೆಯಲ್ಲಿ 37 ಡಿಗ್ರಿ ಶಾಖದಲ್ಲಿ ಸುಮಾರು ಅರ್ಧ ಗಂಟೆ ಬಿಟ್ಟರೆ ನ್ಯೂಟ್ರೋಫಿಲ್‌ಗಳು ಗಾಜಿಗೆ ಅಂಟಿಕೊಳ್ಳುತ್ತವೆ. ಮೆಲ್ಲನೆ ತೊಳೆದರೆ ಕೆಂಪು ಕಣಗಳು ಕೊಚ್ಚಿಹೋಗುತ್ತವೆ. ಬಳಿಕ ಹಳದಿಯ ದ್ರಾವಣವನ್ನೂ ಕಣಗಳನ್ನು ಕೆರಳಿಸುವ ಒಂದು ವಸ್ತುವನ್ನೂ ಸುರಿದು ಮತ್ತೆ ಹದಿನೈದಿಪ್ಪತ್ತು ನಿಮಿಷ ಬೆಚ್ಚಗಿಟ್ಟು, ಕೊನೆಗೆ ಕೋಶಕೇಂದ್ರಗಳು ಕಾಣುವಂತೆ ಕೆಂಪು ಬಣ್ಣದ ಲೇಪ ಕೊಟ್ಟು ಸೂಕ್ಷ್ಮದರ್ಶಕದ ಕೆಳಗೆ ನೂರು ಕಣಗಳನ್ನು ಎಣಿಸಬೇಕು. ಆರೋಗ್ಯವಂತನಲ್ಲಿ ಹೆಚ್ಚುಕಡಿಮೆ ಎಲ್ಲ ಕಣಗಳೂ ನೀಲಿಯಿಂದ ತುಂಬಿ ಊದಿಕೊಂಡಿರುತ್ತವೆ; ರೋಗಪೀಡಿತ ಬಾಲಕನಲ್ಲಿ ಒಂದೂ ನೀಲಿಯಾಗುವುದಿಲ್ಲ. ವಿಜ್ಞಾನದಲ್ಲಿ ಇಷ್ಟು ನಿಸ್ಸಂದಿಗ್ಧವಾಗಿ ಉತ್ತರ ಕೊಡುವ ಪರೀಕ್ಷೆಗಳು ಬಹಳವಿಲ್ಲ. ಇಷ್ಟು ಅಲ್ಪ ವೆಚ್ಚದಲ್ಲಿ ಕೊಡುವುವಂತೂ ತೀರ ವಿರಳ.

ತಾಯಿಯ ರಕ್ತವನ್ನು ಇದೇ ರೀತಿ ಪರೀಕ್ಷಿಸಿದಾಗ ದೊರೆತ ನೋಟ ಇನ್ನೂ ಗಂಭೀರವಾದದ್ದು. ಆಕೆಯ ಕಣಗಳಲ್ಲಿ ಒಂದು ಪಾಲು ನೀಲಿ, ಒಂದು ಪಾಲು ಬಣ್ಣಗೆಟ್ಟವು. ನಡುವಿನ ತಿಳಿನೀಲಿಯವು ಇಲ್ಲ. ಆ ಬಾಲಕರ ದೋಷ ಇದ್ದುದು ತಾಯಿಯಿಂದ ಬಂದ ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿನ ಪ್ರತಿ ಜೀವಕೋಶದಲ್ಲಿರುವ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು, ಭ್ರೂಣಾವಸ್ಥೆಯಲ್ಲಿಯೇ ನಿಷ್ಕ್ರಿಯವಾಗುತ್ತದೆಂದು ಮೇರಿ ಲಯನ್ ಎಂಬ ಇಂಗ್ಲೆಂಡಿನ ವಿದುಷಿ 1961ರಲ್ಲಿ ಇಲಿಗಳ ಮೈಬಣ್ಣದ ಆಧಾರದಿಂದ ಪ್ರತಿಪಾದಿಸಿದ್ದಳು. ಆ ವಾದಕ್ಕೆ ಮಾನವನ ರಕ್ತದಲ್ಲಿ ಕಣ್ಣಾರೆ ಕಾಣುವಂಥ ಸಾಕ್ಷ್ಯ ಇಲ್ಲಿ ದೊರಕಿತು. ಈ ನೋಟವು ತಾಯಿಗೆ ಏನನ್ನು ತಿಳಿಸುತ್ತದೆ ಎಂಬುದನ್ನು ವೈದ್ಯನು ಮರೆಯಬಾರದು. ತನ್ನ ಮಗುವಿನ ವ್ಯಾಧಿ ತನ್ನಿಂದಲೇ ಬಂದಿತೆಂಬ ಮಾತನ್ನು ಕೇಳುವ ಹೆಣ್ಣಿನ ಮನಸ್ಸಿನ ಮೇಲೆ, ಅದರಲ್ಲಿಯೂ ದೋಷವನ್ನೆಲ್ಲ ಸೊಸೆಯ ತಲೆಗೆ ಕಟ್ಟುವ ಮನೆಗಳಲ್ಲಿ, ಎಂಥ ಭಾರ ಬೀಳುತ್ತದೆಂಬುದನ್ನು ಬಲ್ಲವರು ಆ ವರದಿಯನ್ನು ಕೈಗೆ ಕೊಟ್ಟು ಕಳುಹಿಸಿಬಿಡುವುದಿಲ್ಲ. ಕುಳ್ಳಿರಿಸಿಕೊಂಡು, ಇದರಲ್ಲಿ ಯಾರ ತಪ್ಪೂ ಇಲ್ಲವೆಂಬುದನ್ನು ಮನೆಯ ಹಿರಿಯರಿಗೂ ಕೇಳುವಂತೆ ಹೇಳುತ್ತಾರೆ.

ನೀಲಿಯನ್ನು ಹುಟ್ಟಿಸುವ ಪದಾರ್ಥ ಯಾವುದೆಂಬುದು ಖಚಿತವಾದದ್ದು 1973ರಲ್ಲಿ. ಸೂಪರಾಕ್ಸೈಡನ್ನು ನಾಶಪಡಿಸುವ ಡಿಸ್ಮ್ಯುಟೇಸ್ ಎಂಬ ಕಿಣ್ವವನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಕಂಡುಹಿಡಿದಿದ್ದರು. ಬೇಬಿಯರ್, ಕಿಪ್ನೆಸ್ ಮತ್ತು ಕರ್ನಟ್ ಎಂಬ ಮೂವರು ಆ ಕಿಣ್ವವನ್ನೇ ಸಾಕ್ಷಿಯಾಗಿ ಕರೆದರು. ಸೈಟೊಕ್ರೋಮ್ ಸಿ ಎಂಬ ವರ್ಣಪ್ರೋಟೀನು ಎಲೆಕ್ಟ್ರಾನನ್ನು ಸ್ವೀಕರಿಸಿದಾಗ 550 ನ್ಯಾನೊಮೀಟರ್ ತರಂಗದ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆದರೆ ಎಲೆಕ್ಟ್ರಾನನ್ನು ಕೊಡುವವರು ಜೀವಕೋಶದಲ್ಲಿ ಅನೇಕರು. ಆದುದರಿಂದ ಒಂದೇ ರಕ್ತದ ಕಣಗಳನ್ನು ಎರಡು ನಳಿಕೆಗಳಲ್ಲಿ ಹಂಚಿ, ಒಂದಕ್ಕೆ ಮಾತ್ರ ಡಿಸ್ಮ್ಯುಟೇಸನ್ನು ಬೆರಸಿ, ಎರಡರ ಬೆಳಕಿನ ವ್ಯತ್ಯಾಸವನ್ನು ಅಳೆದರೆ, ಉಳಿಯುವುದು ಸೂಪರಾಕ್ಸೈಡಿನ ಪಾಲು ಮಾತ್ರ. ಕಂಡದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ, ಸೂಪರಾಕ್ಸೈಡನ್ನು ಅಳಿಸಿದಾಗ ಏನು ಮರೆಯಾಯಿತೋ ಅಷ್ಟನ್ನೇ ಒಪ್ಪಿಕೊಳ್ಳುವ ಈ ನಿಷ್ಠುರ ಪ್ರಾಮಾಣಿಕತೆ ನನ್ನ ದೃಷ್ಟಿಯಲ್ಲಿ ಆ ಪ್ರಯೋಗದ ಪರಮ ಸೌಂದರ್ಯ. ಮರುವರ್ಷವೇ ರೋಗಿಗಳ ಕಣಗಳಲ್ಲಿ ಸೂಪರಾಕ್ಸೈಡಿನ ಅಭಾವವೂ ಸಿದ್ಧವಾಯಿತು.

ಸೂಪರಾಕ್ಸೈಡನ್ನು ಹುಟ್ಟಿಸುವ ಎನ್‌ಎಡಿಪಿಎಚ್ ಆಕ್ಸಿಡೇಸನ್ನು ಗುರುತಿಸುವುದು ಏಕೆ ಕಷ್ಟವೆಂದರೆ, ವಿಶ್ರಾಂತ ಕಣದಲ್ಲಿ ಅದು ಇಡಿಯಾಗಿ ಇರುವುದೇ ಇಲ್ಲ. ವರ್ಷವಿಡೀ ಗುಡಿಯ ಮುಂದೆ ನಿಂತಿರುವ ತೇರಿನ ಗಡ್ಡೆಗೆ, ಜಾತ್ರೆ ಬಂದಾಗ ಮಾತ್ರ ಬೇರೆಡೆಯಲ್ಲಿಟ್ಟ ಕಂಬ, ಗೂಟ, ಕಳಶಗಳನ್ನು ತಂದು ಜೋಡಿಸುವಂತೆ, ಕೋಶಪೊರೆಯಲ್ಲಿ ನೆಟ್ಟಿರುವ ಎರಡು ಪ್ರೋಟೀನುಗಳಿಗೆ, ಕೋಶರಸದಲ್ಲಿ ಚದುರಿರುವ ಇತರ ಭಾಗಗಳು ಅಪಾಯದ ಸೂಚನೆ ದೊರೆತಾಗ ಮಾತ್ರ ಬಂದು ಕೂಡಿಕೊಳ್ಳುತ್ತವೆ. ಪೊರೆಯ ಭಾಗವನ್ನು ಸೀಗಲ್ ಮತ್ತು ಜೋನ್ಸ್ ಎಂಬುವರು 1978ರಲ್ಲಿ ಗುರುತಿಸಿದರು. 1986ರಲ್ಲಿ ಸ್ಟುವರ್ಟ್ ಆರ್ಕಿನ್‌ರ ತಂಡ ಅದರ ಒಂದು ಪ್ರೋಟೀನಿನ ಜೀನನ್ನು, ಪ್ರೋಟೀನಿನ ಪರಿಚಯವನ್ನು ಆಧರಿಸದೆ, ಎಕ್ಸ್ ವರ್ಣತಂತುವಿನ ಮೇಲೆ ಅದು ಇರುವ ಸ್ಥಾನವೊಂದನ್ನೇ ಹಿಡಿದು ಹುಡುಕಿ ತೆಗೆಯಿತು. ಆ ಮಾರ್ಗದಿಂದ ದೊರೆತ ಮೊದಲ ಮಾನವ ರೋಗಜೀನು ಅದು. ಕಣವನ್ನು ಕೆರಳಿಸಿ ಭಾಗಗಳು ಕೂಡುವಂತೆ ಮಾಡಲು ಪ್ರಯೋಗಶಾಲೆಗಳು ಬಳಸುವ ಫಾರ್ಬಾಲ್ ಮಿರಿಸ್ಟೇಟ್ ಅಸಿಟೇಟ್ ಎಂಬ ವಸ್ತುವಿನ ಮೂಲವಾದರೋ ನಮಗೆ ಅಪರಿಚಿತವಲ್ಲ: ಹಿಂದೆ ನಮ್ಮ ಪಂಡಿತರು ತೀವ್ರವಾದ ವಿರೇಚನಕ್ಕೆ ಕೊಡುತ್ತಿದ್ದ ಜಾಪಾಳದ ಬೀಜದ ಎಣ್ಣೆ. ಚರ್ಮಕ್ಕೆ ತಗಲಿದರೆ ಉರಿಯೂತ ಎಬ್ಬಿಸುವ ಆ ಎಣ್ಣೆಯ ಸಾರವೇ, ಕಣದೊಳಗಿನ ಸಂದೇಶವಾಹಕ ಅಣುವೊಂದರ ವೇಷ ತೊಟ್ಟು ಈ ಕಿಣ್ವವನ್ನು ಎಚ್ಚರಿಸುತ್ತದೆ.

ಎಂಬತ್ತರ ದಶಕದ ತರುವಾಯ ನೀಲಿಯ ಸ್ಥಾನವನ್ನು ಬೆಳಕು ಆಕ್ರಮಿಸಿತು. ಡೈಹೈಡ್ರೋರೋಡಮೀನ್ ಎಂಬ ಬೆಳಗದ ವಸ್ತುವು ಕಣದೊಳಕ್ಕೆ ನುಸುಳಿ, ಅಲ್ಲಿನ ಉತ್ಕರ್ಷಕಗಳ ಸ್ಪರ್ಶದಿಂದ ರೋಡಮೀನ್ ಆಗಿ, ಲೇಸರಿನ ನೀಲಿ ಕಿರಣ ತಾಗಿದಾಗ ಹಸಿರಾಗಿ ಹೊಳೆಯುತ್ತದೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರವು ಕಣಗಳನ್ನು ಒಂದರ ಹಿಂದೊಂದರಂತೆ ಹರಿಯಬಿಟ್ಟು ಸಾವಿರಾರು ಕಣಗಳ ಹೊಳಪನ್ನು ಅಲ್ಪಕಾಲದಲ್ಲಿ ಅಳೆದುಬಿಡುತ್ತದೆ. ಮನುಷ್ಯನ ಕಣ್ಣಿನ ಆಯಾಸವೂ ಇಲ್ಲ, ಇದು ನೀಲಿಯೋ ಅಲ್ಲವೋ ಎಂಬ ತರ್ಕವೂ ಇಲ್ಲ. ಮೇಲಾಗಿ, ಹೊಳಪು ಎಷ್ಟೆಂಬುದನ್ನೂ ಅಂಕಿಯಲ್ಲಿ ಹೇಳಬಹುದು. ಈ ಕೊನೆಯ ಸೌಕರ್ಯ ಎಂಥದೆಂಬುದು 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಂಡವೊಂದು ಪ್ರಕಟಿಸಿದ ಅಧ್ಯಯನದಿಂದ ವ್ಯಕ್ತವಾಯಿತು: ರೋಗಿಗಳಲ್ಲಿಯೇ ಯಾರ ಕಣಗಳಲ್ಲಿ ಉತ್ಕರ್ಷಕದ ಲೇಶಮಾತ್ರವಾದರೂ ಉಳಿದಿರುವುದೋ ಅವರು, ಏನೂ ಉಳಿಯದವರಿಗಿಂತ ಹೆಚ್ಚು ಕಾಲ ಬಾಳುತ್ತಾರೆ.

ಆದರೆ ಹೊಸ ಪರೀಕ್ಷೆಯಲ್ಲಿ ಒಂದು ಗುಂಡಿಯಿದೆ, ಅದನ್ನು ಅರಿಯದವನು ಅದರಲ್ಲಿ ಬೀಳುವುದು ನಿಶ್ಚಯ. ರೋಡಮೀನ್ ಹೊಳೆಯಬೇಕಾದರೆ ಪೆರಾಕ್ಸೈಡ್ ಹುಟ್ಟಿದರೆ ಸಾಲದು, ಅದನ್ನು ಉಪಯೋಗಿಸಿಕೊಳ್ಳುವ ಹಸಿರು ಕಿಣ್ವವೂ ಇರಬೇಕು. ಈ ಎರಡನೆಯ ಕಿಣ್ವದ ಮಹತ್ತ್ವವನ್ನು ಸಿಯಾಟಲಿನ ಕ್ಲೆಬನಾಫ್ ಅರವತ್ತರ ದಶಕದಲ್ಲಿ ಎತ್ತಿತೋರಿಸಿದರು. ಬಿಳಿಯ ಕಣಗಳ ಅರ್ಬುದದಲ್ಲಿ, ಅಪಕ್ವ ಕಣಗಳ ಪೈಕಿ ನೂರಕ್ಕೆ ಮೂರಾದರೂ ಇದರ ಬಣ್ಣ ಹಿಡಿದರೆ ಅದು ಮೈಲಾಯ್ಡ್ ಜಾತಿಯದೆಂದು ನಿರ್ಣಯಿಸುವ ಪದ್ಧತಿ ಇಂದಿಗೂ ಇದೆ. ಹುಟ್ಟಿನಿಂದ ಈ ಕಿಣ್ವವೇ ಇಲ್ಲದವರು ಉಂಟು. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಕೆಲವು ಸಾವಿರಕ್ಕೊಬ್ಬರಂತೆ ಕಂಡುಬರುವ ಅವರಲ್ಲಿ ಬಹುಮಂದಿ ಯಾವ ತೊಂದರೆಯೂ ಇಲ್ಲದೆ ಬಾಳುತ್ತಾರೆ. ಅವರ ಕಣಗಳು ರೋಡಮೀನ್ ಪರೀಕ್ಷೆಯಲ್ಲಿ ಮಂಕಾಗಿ, ಎರಡು ಲಕ್ಷಕ್ಕೊಬ್ಬರಿಗೆ ಬರುವ ಆ ಘೋರ ರೋಗದ ಕಣಗಳಂತೆಯೇ ಕಾಣುತ್ತವೆ. ಅದನ್ನು ನಂಬಿ ನಡೆದರೆ ನಿರಪಾಯವಾಗಿದ್ದ ಮಗುವನ್ನು ಅಸ್ಥಿಮಜ್ಜೆಯ ಕಸಿಯಂಥ ಪ್ರಾಣಾಪಾಯವುಳ್ಳ ಚಿಕಿತ್ಸೆಯ ಹೊಸ್ತಿಲಿಗೆ ಒಯ್ದಂತಾಗುತ್ತದೆ. ಆಗ ಸಂಶಯವನ್ನು ಪರಿಹರಿಸುವುದು ಹಳೆಯ ನೀಲಿಯೇ: ಸೂಪರಾಕ್ಸೈಡೊಂದನ್ನೇ ಅಪೇಕ್ಷಿಸುವ ಆ ಬಣ್ಣ, ಹಸಿರು ಕಿಣ್ವವಿಲ್ಲದ ಕಣದಲ್ಲಿಯೂ ಚೆನ್ನಾಗಿ ಮೂಡುತ್ತದೆ. ಬೆಲೆಬಾಳುವ ಯಂತ್ರ ಬಂದಿತೆಂದು ಗಾಜಿನ ಪಟ್ಟಿಯನ್ನೂ ಅದನ್ನು ಓದಬಲ್ಲವರನ್ನೂ ದೂರಮಾಡಿಕೊಂಡ ಪ್ರಯೋಗಶಾಲೆಗಳು ಈ ಕಾರಣದಿಂದ ಬಡವಾಗಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ನಾಡಿಗೆ ಈ ವಿಷಯ ದೂರದ್ದಲ್ಲ. ರೋಗದ ಮೂರರಲ್ಲಿ ಎರಡು ಪಾಲು ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುವಂಥದು ಎಂಬುದು ಪಾಶ್ಚಾತ್ಯರ ಅನುಭವ. ಕಿಣ್ವದ ಉಳಿದ ಭಾಗಗಳ ಜೀನುಗಳು ಇತರ ವರ್ಣತಂತುಗಳ ಮೇಲಿದ್ದು, ತಾಯಿತಂದೆಗಳಿಬ್ಬರಿಂದಲೂ ದೋಷ ಬಂದಾಗ ಮಾತ್ರ ರೋಗ ಪ್ರಕಟವಾಗುತ್ತದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳನ್ನು ಕುರಿತು ನಡೆದ ಅಧ್ಯಯನದಲ್ಲಿ ಮದುವೆಗಳ ಸುಮಾರು ಮೂರನೆಯ ಒಂದು ಪಾಲು ಸೋದರಮಾವ, ಅತ್ತೆಯ ಮಗ ಮೊದಲಾದ ರಕ್ತಸಂಬಂಧಿಗಳೊಡನೆ ಆದುವೆಂದು ತಿಳಿದುಬಂದಿತು. ಅಂಥ ಮನೆಗಳಲ್ಲಿ ಹೆಣ್ಣುಮಗುವಿಗೂ ಈ ವ್ಯಾಧಿ ಬರಬಹುದಾದುದರಿಂದ, ಹುಡುಗಿಯಾದಳೆಂಬ ಕಾರಣಕ್ಕೆ ಪರೀಕ್ಷೆಯನ್ನು ಕೈಬಿಡುವುದು ಸರಿಯಲ್ಲ. ಇನ್ನೊಂದು ತೊಡಕು, ಈ ರೋಗದ ಗಂಟುಗಳು ಕ್ಷಯದ ಗಂಟುಗಳನ್ನು ಹೋಲುವುದು. ಗ್ರಂಥಿಯ ತುಣುಕನ್ನು ಪರೀಕ್ಷಿಸಿ ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಔಷಧ ಕೊಟ್ಟರೂ ಗುಣವಾಗದ ಮಗುವಿನ ವಿಷಯದಲ್ಲಿ, ಈ ಒಂದು ಹನಿ ರಕ್ತದ ಪರೀಕ್ಷೆಯನ್ನು ನೆನೆಯುವ ವೈದ್ಯನು ಎಷ್ಟೋ ತಿಂಗಳುಗಳನ್ನು ಉಳಿಸುತ್ತಾನೆ.

ನ್ಯೂಟ್ರೋಫಿಲ್ ಅಲ್ಪಾಯು. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಕಳುಹಿಸುವ ರಕ್ತ ದಿನವೊಂದು ಕಳೆಯುವಷ್ಟರಲ್ಲಿ ಯಂತ್ರದ ಬಳಿಗೆ ಸೇರಿದರೆ ಒಳ್ಳೆಯದು. ಅದರೊಡನೆ, ಅದೇ ಹೊತ್ತಿನಲ್ಲಿ ತೆಗೆದ ಸಂಬಂಧಿಕನಲ್ಲದ ಆರೋಗ್ಯವಂತನೊಬ್ಬನ ರಕ್ತವನ್ನೂ ಜೊತೆಗೆ ಕಳುಹಿಸಬೇಕು; ಎರಡೂ ಮಂಕಾದರೆ ದೋಷ ಪ್ರಯಾಣದ್ದು, ಮಗುವಿನದು ಮಾತ್ರ ಮಂಕಾದರೆ ದೋಷ ಕಣದ್ದು. ನಿರ್ಣಯವಾದ ಮೇಲೆ ಮಾಡಲು ಕೆಲಸವಿಲ್ಲದೆ ಇಲ್ಲ. ದಿನನಿತ್ಯ ಕೋಟ್ರೈಮೊಕ್ಸಜೋಲ್ ಮತ್ತು ಬೂಷ್ಟಿನ ವಿರುದ್ಧ ಇಟ್ರಕೊನಜೋಲ್, ತಕ್ಕ ದಾನಿ ದೊರೆತರೆ ಅಸ್ಥಿಮಜ್ಜೆಯ ಕಸಿ, ಇವುಗಳಿಂದಾಗಿ ಒಂದು ಕಾಲದಲ್ಲಿ ಮಾರಕವೆನಿಸಿದ್ದ ರೋಗದ ಹೆಸರಿನಿಂದ ಆ ವಿಶೇಷಣವನ್ನು ಕಿತ್ತುಹಾಕಿ, ದೀರ್ಘಕಾಲಿಕವೆಂಬ ಶಬ್ದವನ್ನು ಇರಿಸಿ ಬಹುಕಾಲವಾಯಿತು.

ಹುಟ್ಟಿದೊಡನೆ ಮಗುವಿನ ಎಡತೋಳಿಗೆ ಹಾಕುವ ಬಿಸಿಜಿ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯವಿರುತ್ತದೆ. ಇತರ ಕೋಟ್ಯಂತರ ಶಿಶುಗಳನ್ನು ಕಾಪಾಡುವ ಅದೇ ಲಸಿಕೆ ಈ ಮಕ್ಕಳ ಎಡಗಂಕುಳಿನ ಗ್ರಂಥಿಯಲ್ಲಿ ಕೀವಾಗಿ ಒಡೆಯಬಹುದು, ಕೆಲವೊಮ್ಮೆ ಮೈಯೆಲ್ಲ ಹಬ್ಬಬಹುದು; ನಮ್ಮಲ್ಲಿ ಎಷ್ಟೋ ಸಲ ರೋಗದ ಮೊದಲ ಗುರುತು ಅದೇ ಆಗಿರುತ್ತದೆ. ಆದುದರಿಂದ ಒಂದು ಮಗುವಿನಲ್ಲಿ ಈ ವ್ಯಾಧಿ ಪತ್ತೆಯಾದ ಮನೆಯಲ್ಲಿ ತಾಯಿ ಮತ್ತೆ ಬಸುರಾದಾಗ, ಹೆರಿಗೆಯ ವೈದ್ಯರಿಗೆ ಆ ಸಂಗತಿಯನ್ನು ಮುಂಚಿತವಾಗಿಯೇ ತಿಳಿಸಿಡಬೇಕು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದಾಗ ಅದರಲ್ಲಿ ಉಳಿದ ರಕ್ತವನ್ನು ನಳಿಕೆಗೆ ಹಿಡಿದು ಆ ದಿನವೇ ಪರೀಕ್ಷೆಗೆ ಕಳುಹಿಸಬಹುದು. ಫಲಿತಾಂಶ ಕೈಸೇರುವವರೆಗೆ ಆ ಕೂಸಿಗೆ ಬಿಸಿಜಿ ಹಾಕದಿರುವಂತೆ ದಾದಿಗೆ ಹೇಳಿಟ್ಟರಾಯಿತು.